ಕಾಳಿ ಅಳಿವೆಯನ್ನು ಇಳಿತದ ಹೊತ್ತಿನಲ್ಲಿ ನೋಡುವ ಬಗೆ

ಹೆದ್ದಾರಿಯ ಸೇತುವೆಯ ಮೇಲೆ ದಾಟಿಹೋಗುವವರಿಗೆ ಕಾರವಾರದ ಕಾಳಿ ಅಳಿವೆ, ಅಂದರೆ ಕಾಳಿ ನದಿ ಕಡಲು ಸೇರುವ ಜಾಗ, ಬರೀ ನೀರಿನ ಹರವಾಗಿ ಕಾಣುತ್ತದೆ. ಅದರ ತಳ, ದಂಡೆ, ಮರಳದಿಬ್ಬಗಳನ್ನು ಅರಿಯಬೇಕಾದರೆ ಇಳಿತಕ್ಕೆ ಕಾಯಬೇಕು. ಇಲ್ಲಿ ದಿನಕ್ಕೆರಡು ಸಲ ಉಬ್ಬರ, ಎರಡು ಸಲ ಇಳಿತ ಬರುತ್ತವೆ, ಮತ್ತು ಅವುಗಳ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ನೀರು ಹೆಚ್ಚು ಇಳಿಯುವುದು ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ. ಆದ್ದರಿಂದ ಪಂಚಾಂಗ ನೋಡಿ ಹುಣ್ಣಿಮೆ ಅಥವಾ ಅಮಾವಾಸ್ಯೆ ಕಳೆದ ಒಂದೆರಡು ದಿನಗಳೊಳಗೆ ಹೊರಡಿ. ಕಾರವಾರದ ಉಬ್ಬರವಿಳಿತದ ಪಟ್ಟಿಯಲ್ಲಿ ಹಗಲಿನ ಇಳಿತ ಯಾವಾಗ ಎಂದು ತಿಳಿದುಕೊಂಡು, ಅದಕ್ಕೆ ಎರಡು ತಾಸು ಮೊದಲೇ ದಕ್ಷಿಣ ದಂಡೆಯ ಕೋಡಿಬಾಗ ತಲುಪಿ. ಅಷ್ಟಮಿಯ ಆಸುಪಾಸಿನಲ್ಲಿ ನೀರು ಅಷ್ಟಾಗಿ ಇಳಿಯುವುದಿಲ್ಲ. ಮಳೆಗಾಲದಲ್ಲಂತೂ ಹೋಗಲೇಬಾರದು, ಏಕೆಂದರೆ ಘಟ್ಟದ ನೆರೆಗೆ ಕದ್ರಾ ಅಣೆಕಟ್ಟಿನಿಂದ ಬಿಟ್ಟ ನೀರೂ ಸೇರಿದರೆ ಪಟ್ಟಿಯ ಲೆಕ್ಕ ತಪ್ಪುತ್ತದೆ.

ಮೊದಲು ಸೇತುವೆಯ ಕಂಬಗಳನ್ನು ದಂಡೆಯಿಂದಲೇ ಗಮನಿಸಿ. ಒಂದು ಎತ್ತರದವರೆಗೆ ಚಿಪ್ಪುಜೀವಿಗಳು ಒತ್ತಾಗಿ ಕಚ್ಚಿಕೊಂಡಿರುತ್ತವೆ, ಅದರ ಮೇಲೆ ಕಾಂಕ್ರೀಟು ಬೋಳಾಗಿರುತ್ತದೆ. ನಿತ್ಯದ ಉಬ್ಬರ ಎಲ್ಲಿಯವರೆಗೆ ಏರುತ್ತದೆಂಬುದಕ್ಕೆ ಆ ಗೆರೆಯೇ ಸಾಕ್ಷಿ. ಬಳಿಕ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡಿಗೆದಾರಿಗೆ ಬನ್ನಿ. ಕಾಂಡ್ಲಾ ಗಿಡ ಕಮಾನಿನಂತಹ ಬೇರುಗಳ ಮೇಲೆ ನಿಂತಿದ್ದರೆ, ಅದೇ ಕಾಡಿನ ಇನ್ನೊಂದು ಮರವಾದ ಉಪ್ಪಟಿಯ ಬುಡದ ಸುತ್ತ ಬೆರಳುದ್ದದ ಉಸಿರುಬೇರುಗಳು ಕೆಸರಿನಿಂದ ಸಾಲಾಗಿ ಮೇಲೆದ್ದಿರುತ್ತವೆ, ಗಾಳಿಯಾಡದ ಕೆಸರಿನಲ್ಲಿ ಮರ ಬದುಕುವುದು ಅವುಗಳಿಂದಲೇ. ಬಿಸಿಲಿನ ದಿನ ಉಪ್ಪಟಿ ಎಲೆಯ ಮೇಲೆ ಬೆರಳಾಡಿಸಿ ನಾಲಿಗೆಗೆ ತಾಗಿಸಿದರೆ ಉಪ್ಪು ಹತ್ತುತ್ತದೆ. ದಾರಿ ಬಿಟ್ಟು ಕೆಸರಿಗೆ ಇಳಿಯಬೇಡಿ. ಆ ಬೇರುಗಳು ತುಳಿತಕ್ಕೆ ಮುರಿಯುತ್ತವೆ. ನೀರು ತಗ್ಗಿದಲ್ಲಿ ಬಳಚು ಎಂಬ ಚಿಪ್ಪುಮೀನು ಆರಿಸುವ ಹೆಂಗಸರು ಬುಟ್ಟಿ ಹಿಡಿದು ಇಳಿದಿರುತ್ತಾರೆ, ಅವರ ದುಡಿಮೆಯ ವೇಳಾಪಟ್ಟಿಯೂ ಚಂದ್ರನದೇ.

ಇತಿಹಾಸಕ್ಕಾಗಿ ಉತ್ತರ ದಂಡೆಯ ಸದಾಶಿವಗಡದ ಗುಡ್ಡ ಹತ್ತಬೇಕು. ಘಟ್ಟದ ಮೆಣಸು ಹಡಗೇರುತ್ತಿದ್ದ ಈ ಬಂದರಿನಲ್ಲಿ 1638ರಲ್ಲಿ ಇಂಗ್ಲಿಷ್ ವರ್ತಕರು ಕೋಠಿ (ವ್ಯಾಪಾರ ಕೇಂದ್ರ) ತೆರೆದರು. ನದಿಯೊಳಗೆ ಹೋಗುವ ಪ್ರತಿ ದೋಣಿಯೂ ಗುಡ್ಡದ ಬುಡದಲ್ಲೇ ಹಾಯಬೇಕಿದ್ದುದರಿಂದ ಸೋಂದೆಯ ಅರಸರು ಇಲ್ಲಿ ಕೋಟೆ ಕಟ್ಟಿಸಿದರು. 1752ರಲ್ಲಿ ಪೋರ್ಚುಗೀಸರು ಅದನ್ನು ಕಿತ್ತುಕೊಂಡದ್ದೂ ಆ ಕಾರಣಕ್ಕೇ ಎಂದು ಮೇಲೆ ನಿಂತಾಗ ಮನದಟ್ಟಾಗುತ್ತದೆ. 1883ರಲ್ಲಿ, ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದಿದ್ದ ಯುವಕ ರವೀಂದ್ರನಾಥ ಠಾಗೋರರು ಬೆಳದಿಂಗಳಲ್ಲಿ ದೋಣಿಯೇರಿ ಇದೇ ನದಿಯ ಮೇಲ್ಭಾಗಕ್ಕೆ ಹೋಗಿದ್ದರು. ಮರಳುವಾಗ ಅಳಿವೆಯ ಬಾಯಲ್ಲೇ ಇಳಿದು ಮರಳ ಮೇಲೆ ನಡೆದು ಮನೆ ಸೇರಿದರು.

ಗಡದಿಂದ ಪಶ್ಚಿಮಕ್ಕೆ ನೋಡಿದರೆ ದೇವಬಾಗದ ಮರಳುಪಟ್ಟಿಯೂ ಕಡಲಿನಲ್ಲಿ ಕೂರ್ಮಗಡ ದ್ವೀಪವೂ ಕಾಣುತ್ತವೆ. ಮರಳದಿಬ್ಬಗಳ ಜಾಗ ಮಳೆಗಾಲ ಕಳೆದಂತೆ ಬದಲಾಗುವುದರಿಂದ ಅವುಗಳ ಗುರುತು ಹಾಕಿಕೊಂಡು ಮರುವರ್ಷ ಹೋಲಿಸಿ ನೋಡಿ. ದಿಬ್ಬದ ಮೇಲೆ ನಡೆಯುವ ಮನಸ್ಸಾದರೆ ಸ್ಥಳೀಯ ಮೀನುಗಾರರನ್ನು ಕೇಳಿಯೇ ಇಳಿಯಿರಿ, ಮತ್ತು ನೀರು ತಿರುಗುವ ಮೊದಲೇ ದಂಡೆಗೆ ಬನ್ನಿ. ಉಬ್ಬರ ನಿಮ್ಮ ಬೆನ್ನ ಹಿಂದೆ, ದಿಬ್ಬಕ್ಕೂ ದಂಡೆಗೂ ನಡುವಿರುವ ತೋಡನ್ನು ಮೊದಲು ತುಂಬುತ್ತದೆ.