ದುಬೈ ಬೇಸಿಗೆಯಲ್ಲಿ ನಮ್ಮ ಮನೆಯ ಎ.ಸಿ. 25.5ಕ್ಕೆ ಬಂದು ನಿಂತ ಬಗೆ

2016ರಲ್ಲಿ ನಾವು ದುಬೈನ ಅಲ್ ಖುಸೈಸ್ ಬಡಾವಣೆಯ ಈ ಫ್ಲ್ಯಾಟಿಗೆ ಬಂದ ದಿನ, ಹಾಲ್‌ನ ಗೋಡೆಯ ಥರ್ಮೋಸ್ಟಾಟ್, ಅಂದರೆ ಎ.ಸಿ.ಯ ಉಷ್ಣಾಂಶ ನಿಗದಿಪಡಿಸುವ ಸಾಧನ, 18 ಡಿಗ್ರಿಗೆ ಇಡಲ್ಪಟ್ಟಿತ್ತು. ಹಿಂದೆ ಇದ್ದವರು ಹಾಗೆಯೇ ಬಿಟ್ಟುಹೋಗಿದ್ದರು, ನಾನೂ ಅದನ್ನು ಮುಟ್ಟಲಿಲ್ಲ. ಕುಂದಾಪುರದಲ್ಲಿ ಫ್ಯಾನಿನ ಕೆಳಗೆ ಬೇಸಿಗೆ ಕಳೆದವನಿಗೆ, ಹೊರಗೆ 44 ಡಿಗ್ರಿ ಇರುವಾಗ ಎ.ಸಿ.ಯನ್ನು ಕನಿಷ್ಠ ಅಂಕಿಗೆ ಇಡುವುದು ಸಹಜವೆಂದೇ ತೋರಿತ್ತು. ಆದರೆ ಜುಲೈ ತಿಂಗಳ ಮಧ್ಯಾಹ್ನ ನಾಲ್ಕರ ಹೊತ್ತಿಗೆ, ಯಂತ್ರ ಒಂದು ನಿಮಿಷವೂ ನಿಲ್ಲದೆ ಓಡುತ್ತಿದ್ದರೂ ಹಾಲ್‌ನ ಉಷ್ಣಾಂಶ 27ರಿಂದ ಕೆಳಗೆ ಇಳಿಯುತ್ತಿರಲಿಲ್ಲ. ಅದೇ ಯಂತ್ರ ಬೆಳಗಿನ ಜಾವ ಕೋಣೆಯನ್ನು ಎಷ್ಟು ತಣ್ಣಗೆ ಮಾಡುತ್ತಿತ್ತೆಂದರೆ ಕಂಬಳಿ ಹೊದ್ದುಕೊಳ್ಳಬೇಕಾಗುತ್ತಿತ್ತು.

ಒಂದು ಸಂಜೆ ಹಾಲ್‌ನ ಫಾಲ್ಸ್ ಸೀಲಿಂಗ್‌ನಿಂದ ನೀರು ತೊಟ್ಟಿಕ್ಕತೊಡಗಿತು. ನಾತೂರ್ (ಕಟ್ಟಡದ ಕಾವಲುಗಾರ) ಕಳಿಸಿದ ಮೆಕ್ಯಾನಿಕ್ ಬಂಟ್ವಾಳದ ಹುಡುಗ. ಅವನು ಮೇಲಿನ ಫಲಕ ತೆರೆದು ಟಾರ್ಚ್ ಬಿಟ್ಟಾಗ, ತಾಮ್ರದ ಕೊಳವೆಯ ಸುತ್ತ ಹೆಬ್ಬೆರಳಿನಷ್ಟು ದಪ್ಪದ ಮಂಜುಗಡ್ಡೆ ಕಾಣಿಸಿತು. ವಾಯವ್ಯದಿಂದ ಬೀಸುವ ಶಮಾಲ್ ಗಾಳಿಯ ಧೂಳಿನಿಂದ ಫಿಲ್ಟರ್ ಕಟ್ಟಿಕೊಂಡಿತ್ತು, ಗಾಳಿಯನ್ನು ತಣ್ಣಗಾಗಿಸುವ ಕಾಯಿಲಿನ ಮೇಲೆ ಸಾಕಷ್ಟು ಗಾಳಿ ಹರಿಯದೆ ಅದು ಹೆಪ್ಪುಗಟ್ಟಿತ್ತು, ಮತ್ತು 18ರ ಆಜ್ಞೆಯಿಂದಾಗಿ ಯಂತ್ರಕ್ಕೆ ನಿಂತು ಆ ಮಂಜು ಕರಗಿಸಿಕೊಳ್ಳುವ ಅವಕಾಶವೂ ಸಿಕ್ಕಿರಲಿಲ್ಲ. “ನಂಬರ್ ಇಳಿಸಿದ್ರೆ ಮಿಷಿನ್ ಜೋರು ಓಡುದಿಲ್ಲ ಅಣ್ಣ, ಜಾಸ್ತಿ ಹೊತ್ತು ಓಡುದು ಅಷ್ಟೆ,” ಎಂದು ಅವನು ಫಿಲ್ಟರ್ ತೊಳೆಯುತ್ತ ಹೇಳಿದ. ನಮ್ಮದರಂಥ ಹಳೆಯ, ಇನ್ವರ್ಟರ್ (ಕಂಪ್ರೆಸರ್‌ನ ವೇಗ ಬದಲಿಸುವ ವ್ಯವಸ್ಥೆ) ಇಲ್ಲದ ಯಂತ್ರಗಳ ಮಟ್ಟಿಗೆ ಆ ಮಾತು ಅಕ್ಷರಶಃ ನಿಜ. ಥರ್ಮೋಸ್ಟಾಟ್‌ನ ಅಂಕಿ ಎಲ್ಲಿ ನಿಲ್ಲಬೇಕೆಂಬುದನ್ನು ಮಾತ್ರ ಹೇಳುತ್ತದೆ, ಎಷ್ಟು ಬೇಗ ತಲುಪಬೇಕೆಂಬುದನ್ನಲ್ಲ.

ಆಮೇಲೆ ನಾನು ಎರಡು ಬೇಸಿಗೆ ಮೀಟರ್ ಬರೆದಿಟ್ಟೆ. ಪ್ರತಿ ರಾತ್ರಿ ಒಂಬತ್ತಕ್ಕೆ ಮೀಟರಿನ ಅಂಕಿ, ಹೊರಗಿನ ಗರಿಷ್ಠ ಉಷ್ಣಾಂಶ, ಒಳಗಿನ ಉಷ್ಣಾಂಶ ಮತ್ತು ತೇವಾಂಶ, ಇಷ್ಟನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲೇ ಗುರುತು ಹಾಕಿದೆ. 22ಕ್ಕೆ ಇಟ್ಟ ಜುಲೈ ದಿನಗಳಲ್ಲಿ ನಮ್ಮ ಮನೆ ದಿನಕ್ಕೆ ಸುಮಾರು 58 ಯೂನಿಟ್ ತಿನ್ನುತ್ತಿತ್ತು, 25.5ಕ್ಕೆ ಇಟ್ಟ ದಿನಗಳಲ್ಲಿ 46ರ ಆಸುಪಾಸು. ಎರಡು ದಿನಗಳ ಹವೆ ಒಂದೇ ಇರುವುದಿಲ್ಲವಾದ್ದರಿಂದ ಇದನ್ನು ಪ್ರಯೋಗಾಲಯದ ಲೆಕ್ಕವೆಂದು ನಾನು ಹೇಳುವುದಿಲ್ಲ, ಆದರೆ ಕಾರಣವೇನೋ ಸರಳ. ಹೊರಗೆ 44, ಒಳಗೆ 18 ಇದ್ದರೆ ಗೋಡೆಯ ಎರಡು ಬದಿಗಳ ಅಂತರ 26 ಡಿಗ್ರಿ. ಒಳಗೆ 25 ಇದ್ದರೆ ಅದು 19ಕ್ಕೆ ಇಳಿಯುತ್ತದೆ, ಅಂದರೆ ಗೋಡೆ ಮತ್ತು ಗಾಜಿನ ಮೂಲಕ ನುಗ್ಗುವ ಶಾಖದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಕಡಿಮೆಯಾಗುತ್ತದೆ. ದುಬೈನ ವಿದ್ಯುತ್ ಪ್ರಾಧಿಕಾರ 24 ಡಿಗ್ರಿಯನ್ನು ಸೂಚಿಸುತ್ತದೆ. ಮನೆಬಳಕೆಯ ಮೊದಲ 2,000 ಯೂನಿಟ್‌ಗಳಿಗೆ ದರ ಯೂನಿಟ್‌ಗೆ 23 ಫಿಲ್ಸ್ (ನೂರು ಫಿಲ್ಸ್ ಎಂದರೆ ಒಂದು ದಿರ್ಹಮ್), ನಂತರದ 2,000ಕ್ಕೆ 28 ಫಿಲ್ಸ್, ಮೇಲೆ ಇಂಧನದ ಹೆಚ್ಚುವರಿ ಶುಲ್ಕ. ಆದ್ದರಿಂದ ತಿಂಗಳಿಗೆ 2,000ದ ಕೆಳಗೆ ಉಳಿಯುವುದನ್ನು ನಾನು ಗುರಿಯಾಗಿ ಇಟ್ಟುಕೊಂಡೆ.

ಆದರೆ ಕೇವಲ ಅಂಕಿ ಏರಿಸಿದ ಮೊದಲ ವಾರ ಮನೆಯಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ, ಹೆಂಡತಿಯಂತೂ ಇದು ಜಿಪುಣತನವೆಂದೇ ತೀರ್ಮಾನಿಸಿದ್ದಳು. ಸಂಜೆ ಸೋಫಾದಲ್ಲಿ ಕೂತರೆ ಗಾಳಿ 25 ಇದ್ದರೂ ಬೆನ್ನಿಗೆ ಧಗೆ ತಾಗುತ್ತಿತ್ತು. ಒಂದು ರಾತ್ರಿ ಒಂಬತ್ತು ಗಂಟೆಗೆ ಪಶ್ಚಿಮದ ಗೋಡೆಯ ಮೇಲೆ ಅಂಗೈ ಇಟ್ಟು ನೋಡಿದೆ, ಆಗಷ್ಟೇ ಇಳಿಸಿದ ದೋಸೆ ಕಾವಲಿಯ ಹಿಡಿಯಂತೆ ಬಿಸಿ ಇತ್ತು. ಕಾಂಕ್ರೀಟು ಮಧ್ಯಾಹ್ನದ ಬಿಸಿಲನ್ನು ಹೀರಿಕೊಂಡು ಕತ್ತಲಾದ ಮೇಲೆ ನಿಧಾನವಾಗಿ ಒಳಗೆ ಬಿಡುತ್ತದೆ, ಮತ್ತು ನಮ್ಮ ಮೈ ಗಾಳಿಯ ಉಷ್ಣಾಂಶವನ್ನಷ್ಟೇ ಅಲ್ಲ, ಸುತ್ತಲಿನ ಗೋಡೆ ಗಾಜುಗಳಿಂದ ಹೊಮ್ಮುವ ಶಾಖವನ್ನೂ ಅನುಭವಿಸುತ್ತದೆ. ಸೋಫಾವನ್ನು ಪೂರ್ವದ ಗೋಡೆಗೆ ಸರಿಸಿ, ಪಶ್ಚಿಮದ ಕಿಟಕಿಗೆ ಹಿಂಬದಿ ಬಿಳಿ ಪದರವಿರುವ ದಪ್ಪ ಪರದೆ ಹಾಕಿ, ಮಧ್ಯಾಹ್ನ ಒಂದಕ್ಕೇ ಅದನ್ನು ಎಳೆದುಬಿಡುವ ರೂಢಿ ಮಾಡಿಕೊಂಡೆವು. ಎರಡು ಡಿಗ್ರಿ ಇಳಿಸಿದ್ದರೆ ಸಿಗುತ್ತಿದ್ದ ಸುಖ ಇದರಿಂದಲೇ ಸಿಕ್ಕಿತು. ಮಲಗುವ ಕೋಣೆಯಲ್ಲಿ ಇನ್ನೊಂದು ಎಡವಟ್ಟು ಪತ್ತೆಯಾಯಿತು: ಅಲ್ಲಿನ ಥರ್ಮೋಸ್ಟಾಟನ್ನು ಇದೇ ಬಿಸಿ ಗೋಡೆಯ ಮೇಲೆ ಕೂರಿಸಿದ್ದರು. ಹಾಸಿಗೆಯ ಪಕ್ಕದ ಥರ್ಮಾಮೀಟರ್ 23.5 ತೋರಿಸುವಾಗ ಅದು 26 ಎನ್ನುತ್ತಿತ್ತು. ಹಾಗಾಗಿ ಆ ಕೋಣೆಯಲ್ಲಿ ನಾವು ಇಡುವ ಅಂಕಿ 28. ಬಂದ ನೆಂಟರು ಅದನ್ನು ಕಂಡು ಗಾಬರಿಯಾಗುವುದುಂಟು.

ಇನ್ನು ತೇವಾಂಶ. ಮರುಭೂಮಿ ಎಂದರೆ ಒಣಹವೆ ಎಂಬ ಕಲ್ಪನೆ ದುಬೈನ ಕರಾವಳಿಗೆ ಹೊಂದುವುದಿಲ್ಲ. 2025ರ ಮೇ 24ರಂದು ಅಲ್ ಐನ್ ಭಾಗದ ಸ್ವೈಹಾನ್‌ನಲ್ಲಿ 51.6 ಡಿಗ್ರಿ ದಾಖಲಾಯಿತು, ಒಳನಾಡಿನ ಆ ಬಿಸಿ ಒಣಗಿದ ಬಿಸಿ. ಅಲ್ ಐನ್‌ನಲ್ಲಿರುವ ನನ್ನ ಸ್ನೇಹಿತರೊಬ್ಬರು 27 ಡಿಗ್ರಿಯಲ್ಲಿ ಆರಾಮವಾಗಿರುತ್ತಾರೆ. ನಮ್ಮಲ್ಲಿ ಆಗಸ್ಟಿನ ರಾತ್ರಿ ಇಬ್ಬನಿ ಬಿಂದು (ಗಾಳಿಯ ತೇವ ನೀರಹನಿಯಾಗತೊಡಗುವ ಉಷ್ಣಾಂಶ) 28 ಡಿಗ್ರಿ ದಾಟುವುದು ಹೊಸತಲ್ಲ, ಬೆಳಿಗ್ಗೆ ಎದ್ದರೆ ಕಿಟಕಿಯ ಗಾಜು ಹೊರಗಿನಿಂದ ಮಂಜಾಗಿ ಎದುರಿನ ಕಟ್ಟಡವೇ ಕಾಣುವುದಿಲ್ಲ. ಇಂಥ ಹವೆಯಲ್ಲಿ ಎ.ಸಿ.ಗೆ ತಂಪು ಮಾಡುವುದರ ಜೊತೆಗೆ ಗಾಳಿಯಿಂದ ನೀರು ಹಿಂಡುವ ಕೆಲಸವೂ ಇರುತ್ತದೆ. ನನ್ನ ಕ್ಯಾಲೆಂಡರಿನ ಗುರುತುಗಳ ಪ್ರಕಾರ, 24 ಡಿಗ್ರಿ ಇದ್ದೂ ತೇವಾಂಶ 65 ಪ್ರತಿಶತ ಇದ್ದ ರಾತ್ರಿಗಳಲ್ಲಿ ನಮಗೆ ಮೈ ಜಿಗುಟೆನಿಸಿತ್ತು, 26 ಡಿಗ್ರಿ ಇದ್ದು ತೇವಾಂಶ 50ರ ಸುತ್ತ ಇದ್ದ ರಾತ್ರಿಗಳಲ್ಲಿ ಎಲ್ಲರೂ ಚೆನ್ನಾಗಿ ನಿದ್ರಿಸಿದ್ದರು.

ತೇವಾಂಶ ಏಕೆ ಏರುತ್ತಿತ್ತೆಂದು ಹುಡುಕುತ್ತ ಹೋದಾಗ ಸಿಕ್ಕಿದ್ದು ಥರ್ಮೋಸ್ಟಾಟ್‌ನ ಫ್ಯಾನ್ ಗುಂಡಿ. ನಾವು ಅದನ್ನು ಸದಾ ‘ಆನ್’ನಲ್ಲಿ ಇಟ್ಟಿದ್ದೆವು. ಕಂಪ್ರೆಸರ್ ನಿಂತ ಮೇಲೂ ಫ್ಯಾನು ತಿರುಗುತ್ತಿದ್ದರೆ ಕಾಯಿಲಿನ ಮೇಲೆ ಕೂತ ನೀರು ಮತ್ತೆ ಆವಿಯಾಗಿ ಕೋಣೆಗೇ ಮರಳುತ್ತದೆ. ‘ಆಟೋ’ಗೆ ಬದಲಿಸಿದ ಎರಡನೆಯ ದಿನಕ್ಕೆ ತೇವಾಂಶ ಆರೇಳು ಅಂಕಿ ಇಳಿಯಿತು, ಖರ್ಚು ಏನೂ ಆಗಲಿಲ್ಲ. ಗಾಳಿಯ ಚಲನೆಗೆಂದು ಬೇರೆಯೇ ಒಂದು ಸ್ಟ್ಯಾಂಡ್ ಫ್ಯಾನ್ ತಂದೆವು. ಇಲ್ಲಿನ ಬಾಡಿಗೆ ಮನೆಗಳಲ್ಲಿ ಸೀಲಿಂಗ್ ಫ್ಯಾನ್ ಅಪರೂಪ. 50 ವಾಟ್ ಸುತ್ತಮುತ್ತಲಿನ ಆ ಫ್ಯಾನು ಮೈಗೆ ಎರಡು ಡಿಗ್ರಿ ಇಳಿಸಿದ ಅನುಭವ ಕೊಡುತ್ತದೆ.

2019ರ ಬೇಸಿಗೆಯಲ್ಲಿ 72 ವರ್ಷದ ಅತ್ತೆಯವರು ಊರಿನಿಂದ ಬಂದಿದ್ದಾಗ ಎಲ್ಲ ಲೆಕ್ಕ ಮತ್ತೆ ತಲೆಕೆಳಗಾಯಿತು. ನಮಗೆ ಹಿತವಾದ 25.5 ಅವರಿಗೆ ಮೊಣಕಾಲು ನೋವು ತರುತ್ತಿತ್ತು. “ಇಷ್ಟು ಚಳಿಗೆ ದುಬೈವರೆಗೆ ಬರ್ಬೇಕಿತ್ತಾ ಮಾರಾಯ?” ಎಂದು ಕೇಳಿದರು. ಕೋಣೆಗೊಂದು ಯಂತ್ರ ಇರುವುದರಿಂದ ಅವರ ಕೋಣೆಯನ್ನು 27ಕ್ಕೆ ಇಟ್ಟು, ಗಾಳಿ ನೇರವಾಗಿ ಮಂಚಕ್ಕೆ ಬೀಸದಂತೆ ಗ್ರಿಲ್‌ನ ರೆಕ್ಕೆಗಳನ್ನು ಮೇಲ್ಮುಖವಾಗಿ ತಿರುಗಿಸಿದೆ. ದೂರು ಕೇಳಿಬರಲಿಲ್ಲ. ಎ.ಸಿ. ಪೂರ್ತಿ ಆರಿಸಬೇಕೆಂಬ ಅವರ ಬೇಡಿಕೆಗೆ ಮಾತ್ರ ನಾನು ಒಪ್ಪಲಿಲ್ಲ, ಮುಚ್ಚಿದ ಕೋಣೆ ಇಲ್ಲಿ ಕೆಲವೇ ಗಂಟೆಗಳಲ್ಲಿ ವಯಸ್ಸಾದವರಿಗೆ ಅಪಾಯಕಾರಿಯಾಗುವಷ್ಟು ಕಾಯಬಲ್ಲದು.

ಆರಿಸುವುದರಿಂದ ಆಗುವ ನಷ್ಟ ನನಗೆ ಮೊದಲೇ ಗೊತ್ತಿತ್ತು. 2017ರಲ್ಲಿ ಆಗಸ್ಟ್ ಮಧ್ಯದಿಂದ ಒಂದು ತಿಂಗಳು ಊರಿಗೆ ಹೋಗುವಾಗ ಬಿಲ್ ಉಳಿಸುವ ಆಸೆಗೆ ಎಲ್ಲ ಯಂತ್ರ ನಿಲ್ಲಿಸಿ ಹೋಗಿದ್ದೆ. ಮರಳಿ ಬಂದು ಬೀರು ತೆರೆದರೆ ಚಪ್ಪಲಿ, ಬೆಲ್ಟ್, ಮದುವೆಯ ಕೋಟು, ಮಗನ ಪುಸ್ತಕಗಳು, ಎಲ್ಲದರ ಮೇಲೂ ಬೂದುಬಣ್ಣದ ಬೂಷ್ಟು. ಉಳಿದ ಬಿಲ್ಲಿಗಿಂತ ಡ್ರೈಕ್ಲೀನಿಂಗ್ ಖರ್ಚೇ ಹೆಚ್ಚಾಯಿತು. ಈಗ ಊರಿಗೆ ಹೊರಡುವಾಗ ಹಾಲ್‌ನ ಎ.ಸಿ.ಯನ್ನು 27ಕ್ಕೆ, ಫ್ಯಾನನ್ನು ಆಟೋಗೆ ಇಟ್ಟು, ಬೀರು ಮತ್ತು ಕೋಣೆಗಳ ಬಾಗಿಲು ತೆರೆದಿಟ್ಟು, ಫಿಲ್ಟರ್ ತೊಳೆದು ಹೋಗುತ್ತೇವೆ. ಗೀಸರ್ ಆರಿಸುವ ಪ್ರಶ್ನೆ ಬರುವುದಿಲ್ಲ, ಅದು ಮೇ ತಿಂಗಳಿಂದಲೇ ಆರಿರುತ್ತದೆ. ತಾರಸಿಯ ತೊಟ್ಟಿಯ ನೀರು ಕೈ ಸುಡುವಷ್ಟು ಕಾಯುವ ಆ ತಿಂಗಳುಗಳಲ್ಲಿ, ಎ.ಸಿ.ಯ ತಂಪಿನಲ್ಲಿರುವ ಗೀಸರಿನೊಳಗೆ ನಿಂತ ನೀರೇ ನಮಗೆ ಸ್ನಾನದ ತಣ್ಣೀರು.