“ನಂಗಲ್ಲ ಮೇಡಂ, ಫ್ರೆಂಡಿಗೆ”

ನಾನು ಐಸಿಟಿಸಿ, ಅಂದರೆ ಎಚ್‌ಐವಿ ಸಲಹೆ ಮತ್ತು ಪರೀಕ್ಷಾ ಕೇಂದ್ರದ ಕೌನ್ಸೆಲರ್. ಆಸ್ಪತ್ರೆಯ ಮೂಲೆಯಲ್ಲೊಂದು ಪುಟ್ಟ ಕೋಣೆ, ಒಂದು ಮೇಜು, ಎರಡು ಕುರ್ಚಿ. ಎಚ್‌ಐವಿ ಪರೀಕ್ಷೆಗೆ ಬರುವ ಹುಡುಗರಲ್ಲಿ ಸುಮಾರು ಜನ ಶುರು ಮಾಡುವುದೇ “ನಂಗಲ್ಲ ಮೇಡಂ, ನನ್ನ ಫ್ರೆಂಡಿಗೆ...” ಅಂತ. ನಾನೂ ಆ ಫ್ರೆಂಡಿನ ಬಗ್ಗೆಯೇ ಮಾತಾಡುತ್ತೇನೆ. ಐದು ನಿಮಿಷದಲ್ಲಿ ಫ್ರೆಂಡು ತಾನಾಗೇ ಎದ್ದು ಹೋಗಿರುತ್ತಾನೆ.

ಹೊಸತರಲ್ಲಿ ನಾನು ಅಂಕಿ ಹೇಳುತ್ತಿದ್ದೆ. ಸೋಂಕಿದ್ದೂ ಮಾತ್ರೆ ತಗೊಳ್ಳದ ಹೆಂಗಸಿನ ಜೊತೆ ಕಾಂಡೋಮ್ ಇಲ್ಲದೆ ಸೇರಿದ ಗಂಡಸಿಗೆ, ಒಂದು ಸಲಕ್ಕೆ ಅಂಟುವ ಸಾಧ್ಯತೆ 10,000ಕ್ಕೆ ಸುಮಾರು 4. ಒಬ್ಬ ಹುಡುಗನಿಗೆ ಧೈರ್ಯ ಬರಲಿ ಅಂತ ಇದನ್ನೇ ಹೇಳಿದೆ. “ಆ ನಾಲ್ಕರಲ್ಲಿ ನಾನೇ ಒಬ್ಬ ಆದ್ರೆ?” ಅಂದ. ಆಮೇಲೆ ವಿಚಾರಿಸಿದರೆ ನಡೆದದ್ದು ಮುತ್ತು, ಕೈಯಿಂದ ಮುಟ್ಟಿದ್ದು, ಅಷ್ಟೇ. ಆ ಲೆಕ್ಕದೊಳಗೆ ಅವನು ಬರುವುದೇ ಇಲ್ಲ. ತಪ್ಪು ನನ್ನದು. ಏನಾಯ್ತು ಅಂತ ಕೇಳದೆ ಉತ್ತರ ಕೊಟ್ಟಿದ್ದೆ.

ಈಗ ಮೊದಲು ಅದನ್ನೇ ಕೇಳುತ್ತೇನೆ, ಬಿಡಿಸಿ, ಅವರದೇ ಮಾತಿನಲ್ಲಿ. ಯಾರ ಜೊತೆ ಅಂತ ಕೇಳುವಾಗ ಹುಬ್ಬು ಏರಬಾರದು. ಗಂಡಸರ ಜೊತೆ ಹೋಗುವವರು ನಮ್ಮ ಮುಖ ನೋಡಿಯೇ ಬಾಯಿ ಮುಚ್ಚಿಕೊಳ್ಳುತ್ತಾರೆ. ಕಾಂಡೋಮ್ ಇಲ್ಲದ ಗುದ ಸಂಭೋಗದಲ್ಲಿ, ಒಳಗೆ ತಗೊಳ್ಳುವವರಿಗೆ ಆ ಅಂದಾಜು 10,000ಕ್ಕೆ 138. ಅಲ್ಲಿ ಸುಮ್ನೆ ಧೈರ್ಯ ಹೇಳಿ ಕಳಿಸಿದರೆ ಮೋಸ ಮಾಡಿದಂತೆ.

ಆ ಹುಡುಗ ಕೈಯನ್ನು ಮೇಜಿನ ಮೇಲಿಟ್ಟ. “ಇಲ್ಲಿ ಗಾಯ ಇತ್ತು ಮೇಡಂ.” ಹೆಬ್ಬೆರಳ ಉಗುರಿನ ಪಕ್ಕ ಸಿಪ್ಪೆ ಎದ್ದಿತ್ತು, ಒಣಗಿ ಬೆಳ್ಳಗಾಗಿತ್ತು. ಟ್ಯೂಬ್‌ಲೈಟ್ ಕೆಳಗೆ ಇಬ್ಬರೂ ಬಗ್ಗಿ ನೋಡಿದೆವು. ರಕ್ತ, ವೀರ್ಯ, ಯೋನಿಯ ಅಥವಾ ಗುದದ ದ್ರವ, ಎದೆಹಾಲು, ಇವುಗಳಿಂದ ವೈರಸ್ ಹರಡುತ್ತೆ. ಒಳಗೆ ಹೋಗಲು ಹಸಿ ಗಾಯ, ಸೂಜಿ, ಇಲ್ಲವೇ ಒಳಭಾಗದ ತೆಳು ಪೊರೆ ಬೇಕು. ಎಂಜಲು, ಬೆವರಿನಿಂದ ಅಂಟಲ್ಲ. ಒಣಗಿದ ಸಿಪ್ಪೆ ಬಾಗಿಲೇ ಅಲ್ಲ ಅಂದೆ. ಬಾಯಿಯ ಸಂಭೋಗಕ್ಕೆ ಮಾತ್ರ ‘ಸೊನ್ನೆ’ ಅನ್ನುವುದಿಲ್ಲ, ‘ತೀರಾ ಕಡಿಮೆ’ ಅನ್ನುತ್ತೇನೆ. ಮಾತ್ರೆ ತಪ್ಪಿಸದೆ, ವೈರಲ್ ಲೋಡ್ (ರಕ್ತದಲ್ಲಿನ ವೈರಸ್ ಪ್ರಮಾಣ) ಪತ್ತೆಯಾಗದಷ್ಟು ಇಳಿದವರಿಂದ ಸಂಭೋಗದಲ್ಲಿ ಅಂಟುವುದೇ ಇಲ್ಲ. ಇದನ್ನು ನಂಬಿಸುವುದೇ ಜಾಸ್ತಿ ಕಷ್ಟ.

ನಿಜವಾದ ರಿಸ್ಕ್ ಇದ್ದು 72 ಗಂಟೆ ಕಳೆದಿಲ್ಲದಿದ್ದರೆ ನನ್ನ ಮಾತು ಬಂದ್. ಸೋಂಕು ಅಂಟದಂತೆ ತಡೆಯುವ ಪೆಪ್ ಮಾತ್ರೆ ಶುರು ಮಾಡಿಸಲು ತಕ್ಷಣ ಡಾಕ್ಟರ ಹತ್ತಿರ ಕರೆದೊಯ್ಯುತ್ತೇನೆ. 28 ದಿನದ ಕೋರ್ಸು. ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು.

ಆ ಹುಡುಗನಿಗೆ ಪರೀಕ್ಷೆ ಬೇಕಿರಲಿಲ್ಲ. ಸಮಾಧಾನಕ್ಕಿರಲಿ ಅಂತ ಮಾಡಿಸಿದೆ, ನಾನ್ ರಿಯಾಕ್ಟಿವ್, ಅಂದರೆ ಸೋಂಕು ಕಂಡಿಲ್ಲ. ಸೋಂಕಿದ್ದರೂ ಶುರುವಿನಲ್ಲಿ ಪರೀಕ್ಷೆಯಲ್ಲಿ ಕಾಣದ ‘ವಿಂಡೋ ಪೀರಿಯಡ್’ ಇರುತ್ತೆ ಅಂತ ಎಲ್ಲೋ ಓದಿ ಮತ್ತೆ ಬಂದ. ಮೂರು ತಿಂಗಳು ತುಂಬಿದ ಮೇಲೂ ಬಂದ. ಗಂಟಲು ನೋವು ಅಂತ ನಾಲ್ಕನೇ ಸಲ. ನಾನು ಚೀಟಿ ಬರೆದಷ್ಟೂ ಅವನ ಭಯ ಬೆಳೆಯುತ್ತಿತ್ತು, ಅಲ್ವಾ?

ಐದನೇ ಸಲ ಚೀಟಿ ಬರೆಯಲಿಲ್ಲ. ಟೀ ತರಿಸಿದೆ. ಅರ್ಧ ಲೋಟ ಮುಗಿಯುವ ಹೊತ್ತಿಗೆ, “ಮದುವೆ ಗೊತ್ತಾಗಿದೆ ಮೇಡಂ. ಆ ಹುಡುಗಿ ಮುಖ ನೋಡಕ್ಕಾಗ್ತಿಲ್ಲ” ಅಂದ. ಅವತ್ತು ಎಚ್‌ಐವಿ ಮಾತೇ ಬರಲಿಲ್ಲ. ಎರಡು ತಿಂಗಳಿಂದ ಸರಿಯಾಗಿ ನಿದ್ದೆ ಇಲ್ಲ ಅಂದಿದ್ದಕ್ಕೆ ಮನೋವೈದ್ಯರ ಒಪಿಡಿಗೆ ಬರೆದುಕೊಟ್ಟೆ. ಲೋಟ ತೊಳೆದಿಡಲೇ ಅಂತ ಕೇಳಿದ. ಬೇಡ, ಹೋಗಪ್ಪ, ಲೈನ್ ಜಾಸ್ತಿ ಆಗುತ್ತೆ ಅಂದೆ.