ಕಾಲೇಜು ಮುಚ್ಚಿದಾಗ ವಿದ್ಯಾರ್ಥಿಗಳಿಗೆ ಸುದ್ದಿ ತಲುಪಿಸುವುದು ಹೇಗೆ?

2020ರ ಮಾರ್ಚ್‌ನಲ್ಲಿ ಕಾಲೇಜುಗಳು ಏಕಾಏಕಿ ಮುಚ್ಚಿದಾಗ ನಾವು ಉಪನ್ಯಾಸಕರು ಪಾಠ ಮಾಡಲು ಯಾವ ಆ್ಯಪ್ ಒಳ್ಳೆಯದೆಂದು ಹುಡುಕಿದೆವೇ ಹೊರತು, ಪಾಠವಿದೆಯೆಂಬ ಸುದ್ದಿ ವಿದ್ಯಾರ್ಥಿಗೆ ಮುಟ್ಟುವ ಬಗೆಯನ್ನು ಯೋಚಿಸಿದ್ದು ಕಡಿಮೆ. ಮಳೆಯ ಕಾರಣಕ್ಕೆ ರಜೆ ಘೋಷಣೆಯಾದಾಗ ಕರಾವಳಿ, ಮಲೆನಾಡಿನಲ್ಲಿ ಇಂದಿಗೂ ಅದೇ ಎಡವಟ್ಟು ಕಾಣಸಿಗುತ್ತದೆ.

ಮೊದಲು, ತರಗತಿಗೊಂದು ವಾಟ್ಸ್‌ಆ್ಯಪ್ ಗುಂಪು ಮಾಡಿ, ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಸೆಟ್ಟಿಂಗ್ ಬದಲಿಸಿ. ಪ್ರಶ್ನೆಗಳಿಗೆ ಇನ್ನೊಂದು ಗುಂಪಿರಲಿ. ಒಂದೇ ಸಂದೇಶವನ್ನು ಹಲವರಿಗೆ ಬೇರೆಬೇರೆಯಾಗಿ ಒಮ್ಮೆಲೇ ಕಳುಹಿಸುವ ಬ್ರಾಡ್‌ಕಾಸ್ಟ್ ಲಿಸ್ಟ್ ಸುಲಭವೆಂದು ಕೆಲವರು ಅದನ್ನೇ ನೆಚ್ಚುತ್ತಾರೆ. ಆದರೆ ನಿಮ್ಮ ನಂಬರನ್ನು ಸೇವ್ ಮಾಡಿಕೊಳ್ಳದವರಿಗೆ ಆ ಸಂದೇಶ ಹೋಗುವುದೇ ಇಲ್ಲ.

ಎರಡನೆಯದು ಸಂದೇಶದ ಬರವಣಿಗೆ. ಬಹುತೇಕರು ಎಡವುವುದು ಇಲ್ಲಿಯೇ. ‘ನಾಳೆ ಕ್ಲಾಸ್ ಇದೆ, ಎಲ್ಲರೂ ತಪ್ಪದೆ ಜಾಯಿನ್ ಆಗಿ’ ಎಂದು ನೀವು ಭಾನುವಾರ ರಾತ್ರಿ ಬರೆಯುತ್ತೀರಿ. ಕರೆಂಟಿಲ್ಲದ ಮನೆಯ ಹುಡುಗಿಗೆ ಸೋಮವಾರ ಮಧ್ಯಾಹ್ನ ಗೆಳತಿಯೊಬ್ಬಳು ಅದನ್ನು ಫಾರ್ವರ್ಡ್ ಮಾಡುತ್ತಾಳೆ. ಫಾರ್ವರ್ಡ್ ಆದ ಸಂದೇಶದಲ್ಲಿ ಕಾಣುವುದು ಫಾರ್ವರ್ಡ್ ಮಾಡಿದ ಸಮಯವೇ ಆದ್ದರಿಂದ, ಅವಳ ಪಾಲಿಗೆ ತರಗತಿ ಮಂಗಳವಾರವಾಗುತ್ತದೆ. ಹಾಗಾಗಿ ‘ಇಂದು’, ‘ನಾಳೆ’, ‘ಸಂಜೆಯೊಳಗೆ’ ಎಂಬ ಪದಗಳನ್ನು ಬಿಟ್ಟು ಹೀಗೆ ಬರೆಯಿರಿ: ‘ಬಿ.ಕಾಂ. ಎರಡನೇ ವರ್ಷ, ಕಾಸ್ಟ್ ಅಕೌಂಟಿಂಗ್. ಜುಲೈ 14, ಸೋಮವಾರ, ಬೆಳಿಗ್ಗೆ 11ರಿಂದ 11.35. ಘಟಕ 2ರ ಮೊದಲ ಲೆಕ್ಕ. ಬರಲಾಗದವರಿಗೆ ಟಿಪ್ಪಣಿಯನ್ನು ಅದೇ ದಿನ ರಾತ್ರಿ 8ಕ್ಕೆ ಇದೇ ಗುಂಪಿನಲ್ಲಿ ಹಾಕುತ್ತೇನೆ.’ ಲಿಂಕ್ ಕೊನೆಯ ಸಾಲಿನಲ್ಲಿ ಒಂಟಿಯಾಗಿರಲಿ. ಸಮಯ ಬದಲಾದರೆ ತಿದ್ದುಪಡಿಯನ್ನಷ್ಟೇ ಕಳುಹಿಸದೆ, ಹಳೆಯದನ್ನು ಅಳಿಸಿ ಪೂರ್ತಿ ಸಂದೇಶವನ್ನು ಮತ್ತೆ ಹಾಕಿ.

ಲೆಟರ್‌ಹೆಡ್‌ನಲ್ಲಿ ಟೈಪ್ ಮಾಡಿಸಿ, ಸಹಿ ಹಾಕಿ, ಸೀಲು ಒತ್ತಿ, ಸ್ಕ್ಯಾನ್ ಮಾಡಿದ ಪಿಡಿಎಫ್‌ನ ಮೋಹವನ್ನು ದಯವಿಟ್ಟು ಬಿಡಿ. ಡೌನ್‌ಲೋಡ್ ಆಗುವವರೆಗೆ ಒಳಗೇನಿದೆ ಎಂದು ತಿಳಿಯದು. ಸ್ಕ್ಯಾನ್ ಮಾಡಿದ ಲಿಂಕನ್ನು ಬೆರಳಿನಿಂದ ಒತ್ತಿದರೆ ಏನೂ ತೆರೆಯದು. ಪ್ರಕಟಣೆಗೆ ವಾಯ್ಸ್ ಮೆಸೇಜ್ ಕೂಡ ಬೇಡ. ಬೇಕಾದಾಗ ಅದರಲ್ಲಿ ದಿನಾಂಕವನ್ನು ಹುಡುಕಿ ತೆಗೆಯುವುದು ಕಷ್ಟ. ಲೆಕ್ಕದ ಒಂದು ಹಂತವನ್ನು ವಿವರಿಸಲು ಮಾತ್ರ ಅದಕ್ಕಿಂತ ಉತ್ತಮವಾದದ್ದಿಲ್ಲ.

ನೇರ ತರಗತಿಯನ್ನು 35 ನಿಮಿಷಕ್ಕೆ ಮುಗಿಸಿ. ಉಚಿತ ಝೂಮ್ 40 ನಿಮಿಷಕ್ಕೆ ನಿಲ್ಲುತ್ತದೆ ಎಂಬುದೊಂದೇ ಕಾರಣವಲ್ಲ, ಡೇಟಾ ಪ್ಯಾಕ್ ಕೂಡ ಕರಗುತ್ತಿರುತ್ತದೆ. ಕ್ಯಾಮೆರಾ ಕಡ್ಡಾಯ ಮಾಡಬೇಡಿ.

ಕೊನೆಯದಾಗಿ, ತರಗತಿಯಲ್ಲೂ ಗುಂಪಿನಲ್ಲೂ ಸುಳಿವಿಲ್ಲದವರಿಗೆ ಸಾಮಾನ್ಯ ಕರೆ ಮಾಡಿ. ಹಲವು ಮನೆಗಳಲ್ಲಿ ಇರುವ ಒಂದೇ ಸ್ಮಾರ್ಟ್‌ಫೋನ್ ಹಗಲೆಲ್ಲ ತಂದೆಯ ಜೇಬಿನಲ್ಲಿರುತ್ತದೆ. ಕರೆ ಎತ್ತಿದವರಿಗೆ ‘ದೂರು ಹೇಳಲು ಕರೆ ಮಾಡಿಲ್ಲ’ ಎಂಬುದನ್ನು ಮೊದಲೇ ತಿಳಿಸಿ, ಫೋನ್ ಎಷ್ಟು ಹೊತ್ತಿಗೆ ಮನೆಯಲ್ಲಿರುತ್ತದೆ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಅಂಥವರು ಹೆಚ್ಚಿದ್ದರೆ 11 ಗಂಟೆಯ ತರಗತಿಯನ್ನು ಸಂಜೆ 7ಕ್ಕೆ ಬದಲಾಯಿಸಿ.